ಹೆರೆಮಣೆ ಇದೆಯಾ? ಹೆಬ್ರಿ, ಬೆಂಗ್ರೆ, ಸಸಿಹಿತ್ಲು: ಮೂರು ಬಾಡಿಗೆ ಮನೆಗಳು

ಬಾಡಿಗೆ ಮನೆಗೆ ಫೋನ್ ಮಾಡಿದರೆ ನಾನೀಗ ಮೊದಲು ಕೇಳುವುದು ಎಸಿ ಇದೆಯಾ ಅಂತಲ್ಲ. ಹೆರೆಮಣೆ ಇದೆಯಾ ಅಂತ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಮಿಕ್ಸಿ ಉಂಟು ಮೇಡಂ" ಅನ್ನುತ್ತಾರೆ. ಮಿಕ್ಸಿ ಇರಲಿ ಮಾರಾಯ್ರೆ, ಕಾಯಿ ತುರಿಯುವುದು ಯಾವುದರಲ್ಲಿ? ಉಗುರಿನಲ್ಲಾ?

ನಾವು ಮಂಗಳೂರಿನವರು. ನಾನು, ಗಂಡ, ಇಬ್ಬರು ಮಕ್ಕಳು, ಅತ್ತೆ. ಅತ್ತೆಗೆ ಎರಡು ಹೊತ್ತಿಗಿಂತ ಜಾಸ್ತಿ ಹೋಟೆಲ್ ಊಟ ಆಗುವುದಿಲ್ಲ. ಮಕ್ಕಳಿಗೆ ರೂಮಿನೊಳಗೆ ಕೂರಲು ಆಗುವುದಿಲ್ಲ. ಅದಕ್ಕೆ ನಾವೇ ಬೇಯಿಸಿಕೊಂಡು ತಿನ್ನುವ, ಹೊರಗೆ ಹೋಗಲು ಏನಾದರೂ ಇರುವ ಮನೆ ಹುಡುಕಿದೆವು. ಒಂದು ವರ್ಷದೊಳಗೆ ಮೂರು ಕಡೆ, ಒಂದೊಂದರಲ್ಲಿ ಮೂರು ರಾತ್ರಿ. ಡಿಸೆಂಬರ್‌ನಲ್ಲಿ ಘಟ್ಟದ ಬುಡದ ಹೆಬ್ರಿ ಹತ್ತಿರ ಅಡಿಕೆ ತೋಟದೊಳಗಿನ ಹಂಚಿನ ಮನೆ, ರಾತ್ರಿಗೆ 4,500 ರೂಪಾಯಿ. ಏಪ್ರಿಲ್‌ನಲ್ಲಿ ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಲ್ಲಿ ಹೊಳೆಬದಿಯ ಮನೆ, 6,000. ಅಕ್ಟೋಬರ್‌ನಲ್ಲಿ ಕಡಲಬದಿಯ ಸಸಿಹಿತ್ಲು, 5,000.

ಸಸಿಹಿತ್ಲನ್ನು ಮೊದಲು ಮುಗಿಸಿಬಿಡುತ್ತೇನೆ. "ಫುಲ್ ಕಿಚನ್" ಅಂದಿದ್ದರು. ಹೋಗಿ ನೋಡಿದರೆ ಒಂದು ಇಂಡಕ್ಷನ್ ಒಲೆ, ಒಂದು ಕೆಟಲ್, ಆರು ಗಾಜಿನ ಲೋಟ. ನಾನು ಮೀನುಸಾರಿಗೆ ಅಂತ ಮಣ್ಣಿನ ಗಡಿಗೆ ಹೊತ್ತುಕೊಂಡು ಹೋಗಿದ್ದೆ. ಇಂಡಕ್ಷನ್‌ಗೆ ಅಯಸ್ಕಾಂತ ಹಿಡಿಯುವ ತಳ ಬೇಕು. ಮಣ್ಣೂ ಆಗುವುದಿಲ್ಲ, ಅಲ್ಯೂಮಿನಿಯಂ ಬಾಣಲೆಯೂ ಆಗುವುದಿಲ್ಲ. ಗಡಿಗೆ ಹೂದಾನಿಯ ಹಾಗೆ ಮೂಲೆಯಲ್ಲಿ ಕೂತಿತು. ನಾವು ಹಳೆಯಂಗಡಿಗೆ ಹೋಗಿ ಊಟ ಮಾಡಿ ಬಂದೆವು.

ಆದರೆ ನಂದಿನಿ, ಶಾಂಭವಿ ಎರಡೂ ಸಮುದ್ರ ಸೇರುವ ಆ ಜಾಗದ ಅಲೆ ಸುಮ್ನೆ ಅಲ್ಲ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆದದ್ದು ಅಲ್ಲೇ. ಮಗ ಎರಡನೇ ದಿನದ ಕ್ಲಾಸಿನಲ್ಲಿ ಹಲಗೆಯ ಮೇಲೆ ಮೂರು ಸೆಕೆಂಡ್ ನಿಂತ. ಆ ಮೂರು ಸೆಕೆಂಡಿನ ಕಥೆಯನ್ನು ಇವತ್ತಿಗೂ ಹೇಳುತ್ತಾನೆ. ನಮಗೆ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಸರ್ಫಿಂಗ್ ಬೇಕಾದರೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂದರಾಯಿತು, ಅಲ್ಲಿ ಮಲಗುವ ಅಗತ್ಯವೇ ಇಲ್ಲ.

ನಿಜವಾದ ಪೈಪೋಟಿ ಇರುವುದು ಹೆಬ್ರಿಗೂ ಬೆಂಗ್ರೆಗೂ.

ಮನೆ ಅಂತ ನೋಡಿದರೆ ಹೆಬ್ರಿಯದ್ದೇ ಚಂದ. ಕಾರ್ಕಳದ ಮೇಲೆ ಹೋದರೆ ಮಂಗಳೂರಿನಿಂದ ಎರಡು ಗಂಟೆ ಚಿಲ್ಲರೆ. ಮುಂದೆ ಜಗಲಿ, ಹಿಂದೆ ತೋಡು. ಬಚ್ಚಲಲ್ಲಿ ದೊಡ್ಡ ಹಂಡೆ, ಒಲೆಗೆ ಅಡಿಕೆ ಸಿಪ್ಪೆ. ಅಡುಗೆಮನೆಯಲ್ಲಿ ಹೆರೆಮಣೆಯೂ ಇತ್ತು, ಕಡೆಯುವ ಕಲ್ಲೂ ಇತ್ತು. ಅತ್ತೆ ಬಾವಿಯ ನೀರನ್ನು ಬೊಗಸೆಯಲ್ಲಿ ಕುಡಿದು "ಇದು ನೀರು" ಅಂದರು. ಅಲ್ಲಿಗೆ ಅವರ ಓಟು ಬಿದ್ದುಹೋಯಿತು. ಕಲ್ಲಿನಲ್ಲಿ ಕಡೆದ ಹಿಟ್ಟಿನ ನೀರುದೋಸೆಗೆ ಮಿಕ್ಸಿಯ ಹಿಟ್ಟಿನದ್ದು ಎಂದೂ ಸಮ ಅಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಕಡೆದದ್ದು ನಾನೇ ಅನ್ನುವುದು ಬೇರೆ ಮಾತು.

ತೊಂದರೆ ಶುರುವಾಗುವುದು ಗೇಟು ದಾಟಿದ ಮೇಲೆ. ಅಂಗಡಿ ಏಳು ಕಿಲೋಮೀಟರ್ ದೂರ. ಮೀನಿನವರು ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತಾ ಬರುತ್ತಾರೆ, ಆದರೆ ಬುಟ್ಟಿಯಲ್ಲಿ ಬಂಗುಡೆ ಅಥವಾ ಬೂತಾಯಿ, ಅಷ್ಟೇ ಆಯ್ಕೆ. ನೋಡುವ ಜಾಗಗಳಿಗೆಲ್ಲ ಕಾರು ಬೇಕು. ಕೂಡ್ಲು ತೀರ್ಥಕ್ಕೆ ಹೋಗಿ ಬರುವುದೆಂದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೆಟ್ ಮಾಡಿಸಿ, ಅಲ್ಲಿಂದ ಕಾಡುದಾರಿಯಲ್ಲಿ ನಡೆಯಬೇಕು. ಸೀತಾನದಿ ಅಲ್ಲಿ ಬಂಡೆಯ ಮೇಲಿಂದ ಬೀಳುತ್ತದೆ. ಡಿಸೆಂಬರ್‌ನಲ್ಲಿ ನೀರು ಚೆನ್ನಾಗಿತ್ತಂತೆ.

"ಇತ್ತಂತೆ" ಅಂದೆ. ಯಾಕೆಂದರೆ ಮೊದಲ ದಿನ ನಾನು ಹೋಗಲಿಲ್ಲ. ಅತ್ತೆಗೆ ಅಷ್ಟು ನಡೆಯಲು ಆಗುವುದಿಲ್ಲ, ಮಧ್ಯಾಹ್ನದ ಊಟಕ್ಕೆ ಯಾರಾದರೂ ಬೇಕಲ್ಲ. ಗಂಡ, ಮಕ್ಕಳು ಒದ್ದೆ ಬಟ್ಟೆಯಲ್ಲಿ ನಗುತ್ತಾ ಬಂದರು. ನಾನು ಕುಚ್ಚಲಕ್ಕಿ ಗಂಜಿ ಬಸಿಯುತ್ತಾ ಇದ್ದೆ. ಮನೆಯಲ್ಲೂ ಅಡುಗೆ, ರಜೆಯಲ್ಲೂ ಅಡುಗೆ. ಬಾಡಿಗೆ ಕೊಟ್ಟು ಅಡುಗೆ ಮಾಡುವುದು ಯಾವ ಸೀಮೆಯ ರಜೆ ಅಂತ ಆ ಹೊತ್ತು ನಿಜವಾಗಿ ಅನಿಸಿತು.

ಎರಡನೇ ದಿನ ಮೊಸರನ್ನ ಕಟ್ಟಿಕೊಂಡು ಎಲ್ಲರೂ ವರಂಗಕ್ಕೆ ಹೋದೆವು. ಕಾರ್ಕಳ–ಹೆಬ್ರಿ ದಾರಿಯಲ್ಲಿ ಸಿಗುತ್ತದೆ. ಕೆರೆಯ ನಡುವೆ ಬಸದಿ, ದೋಣಿಯಲ್ಲೇ ಹೋಗಬೇಕು. ಸುತ್ತ ತಾವರೆ ಎಲೆ, ಹಿಂದೆ ಘಟ್ಟ. ಅತ್ತೆ ದೋಣಿ ಹತ್ತಿದರು, ಇಳಿದರು, ಖುಷಿಯಾದರು. ಮೂರೂ ಪ್ರವಾಸಗಳಲ್ಲಿ ಐವರೂ ಒಟ್ಟಿಗೆ ಒಳ್ಳೆಯ ಮನಸ್ಸಿನಲ್ಲಿದ್ದ ಏಕೈಕ ಬೆಳಿಗ್ಗೆ ಅದು. ಸಂಜೆ ಆಗುಂಬೆ ಸೂರ್ಯಾಸ್ತ ಅಂತ ಹೊರಟೆವು. ಘಾಟಿಯ 14 ತಿರುವುಗಳಲ್ಲಿ ಮಗಳು ಎಂಟನೆಯದಕ್ಕೇ ವಾಂತಿ ಮಾಡಿದಳು. ಸೂರ್ಯ ಮೋಡದೊಳಗೆ ಇಳಿದ.

ಬೆಂಗ್ರೆಯ ಮನೆ ಅಷ್ಟು ಚಂದ ಇಲ್ಲ. ಕಾಂಕ್ರೀಟ್ ಪೆಟ್ಟಿಗೆ, ಗುಲಾಬಿ ಬಣ್ಣ. ಆದರೆ ಜಾಗ ನೋಡಿ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಹೊಳೆ, ನಡುವೆ ಒಂದು ಪಟ್ಟಿ ನೆಲ, ಅದರ ಮೇಲೆ ಒಂದೇ ರಸ್ತೆ. ತುದಿಗೆ ಹೋದರೆ ಸುವರ್ಣಾ, ಸೀತಾ ಎರಡೂ ಸೇರಿ ಸಮುದ್ರಕ್ಕೆ ಬೀಳುತ್ತವೆ. ಹೆಬ್ರಿಯಲ್ಲಿ ಹಾರಿದ ಅದೇ ಸೀತಾನದಿ ಇಲ್ಲಿ ಅಗಲವಾಗಿ, ಸದ್ದಿಲ್ಲದೆ, ಉಪ್ಪಾಗಿ ಬರುತ್ತದೆ. ಮಗನಿಗೆ ಇದನ್ನು ಹೇಳಿದೆ. "ಹಾಗಾದ್ರೆ ಅಲ್ಲಿಂದ ಟ್ಯೂಬಲ್ಲಿ ಬಂದಿದ್ರೆ ಪೆಟ್ರೋಲ್ ಉಳೀತಿತ್ತು" ಅಂದ.

ಅಡುಗೆಮನೆಯಲ್ಲಿ ಮೂರು ಒಲೆಯ ಗ್ಯಾಸ್, ಮಿಕ್ಸಿ, ಗೋಡೆಗೆ ನೇತುಹಾಕಿದ ತುಕ್ಕು ಹಿಡಿದ ಹೆರೆಮಣೆ. ಹುಣಸೆಹುಳಿ ಹಾಕಿ ಉಜ್ಜಿದೆ, ಸರಿಯಾಯಿತು. ಮೀನು ಬೆಳಿಗ್ಗೆ ದೋಣಿಯಿಂದ ನೇರ ಬಾಗಿಲಿಗೆ. ಕಾಣೆ ಮೀನು, ಸಿಗಡಿ, ಒಂದು ದಿನ ಹೊಳೆಯ ಮರ್ವಾಯಿ, ಅಂದರೆ ಚಿಪ್ಪುಮೀನು. ಮರ್ವಾಯಿ ಸುಕ್ಕ ಮಾಡಿದ ದಿನ ಯಾರೂ ಮಾತಾಡಲಿಲ್ಲ, ಚಿಪ್ಪಿನ ಸದ್ದು ಮಾತ್ರ. ಆದರೆ ಮೀನಿನ ಆಸೆಗೆ ಹೋಗುವವರು ತಿಂಗಳು ನೋಡಿ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಆಗ ಈ ವೈಭೋಗ ಇರುವುದಿಲ್ಲ.

ಕಷ್ಟ ಕೊಟ್ಟದ್ದು ನೀರು. ಬೇಸಿಗೆಯಲ್ಲಿ ಬಾವಿಗೆ ಉಪ್ಪು ನುಗ್ಗುತ್ತದೆ. ಬರುವಾಗ ಕಟಪಾಡಿಯಲ್ಲಿ ಮಟ್ಟು ಗುಳ್ಳ ತಗೊಂಡಿದ್ದೆವು. ಹುಳಿ ಮಾಡೋಣ ಅಂತ ತೊಗರಿಬೇಳೆ ಇಟ್ಟರೆ ಐದು ವಿಸಿಲ್ ಆದರೂ ಕಾಳು ಕಾಳು. ಉಪ್ಪು ನುಗ್ಗಿದ ನೀರು ಗಡಸು; ಅದರ ಸುಣ್ಣದ ಅಂಶ ಬೇಳೆಯ ತಿರುಳನ್ನು ಬಿಗಿ ಹಿಡಿಯುತ್ತದೆ, ಬೇಗ ಕರಗುವುದಿಲ್ಲ. ಚಹಾ ಕೂಡ ಕಣ್ಣೀರಿನ ರುಚಿ. ಮಾರನೆಯ ದಿನ ಕ್ಯಾನ್ ನೀರು ತರಿಸಿದೆವು. ಅದಕ್ಕೆ 6,000ದ ಮೇಲೆ ಇನ್ನೊಂದಿಷ್ಟು ಸೇರಿಸಿ ಲೆಕ್ಕ ಹಾಕಿ. ಸಂಜೆ ಆರಾದರೆ ಸೊಳ್ಳೆ. ಬೆಳಿಗ್ಗೆ ಒಂಬತ್ತರ ಮೇಲೆ ಬಿಸಿಲಿಗೆ ತಲೆ ಹಾಕುವ ಹಾಗಿಲ್ಲ, ನೆರಳೇ ಇಲ್ಲ. ಹೊಳೆಬಾಯಿಯಲ್ಲಿ ಈಜುವ ಯೋಚನೆಯೂ ಬೇಡ, ಸೆಳೆತ ಜೋರು.

ಇಷ್ಟೆಲ್ಲ ಬೈದ ಮೇಲೂ ನನ್ನ ಓಟು ಬೆಂಗ್ರೆಗೆ. ಕಾರಣ ಕಯಾಕ್. ಅದೂ ಮನೆಯಿಂದ ಐವತ್ತು ಹೆಜ್ಜೆಯಲ್ಲಿ.

ಕಯಾಕ್ ಬಾಡಿಗೆಗೆ ಕೊಡುವ ಹುಡುಗ ಮೊದಲೇ ಹೇಳಿದ: ಉಬ್ಬರ ಏರುವಾಗ ಹೋಗಿ, ನೀರೇ ಮೇಲಕ್ಕೆ ತಳ್ಳುತ್ತದೆ. ಇಳಿತ ಶುರುವಾಗುವಾಗ ತಿರುಗಿ, ಅದೇ ವಾಪಸ್ ತರುತ್ತದೆ. ಇಳಿತದಲ್ಲಿ ಹೊಳೆಬಾಯಿ ಕಡೆಗೆ ಮಾತ್ರ ಹೋಗಬೇಡಿ. ಮೊದಲ ದಿನ ಆರೂವರೆಗೆ ಹೊರಟೆವು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ, ಹಾಗಾಗಿ ಮಾರನೆಯ ದಿನ ಏಳೂಕಾಲು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಹುಟ್ಟು ಹಾಕುತ್ತಾ ಹೋದರೆ ಮಿಂಚುಳ್ಳಿ ಮೂಗಿನ ಮುಂದೆಯೇ ಹಾರುತ್ತದೆ. ಸಾಲಿಗ್ರಾಮದ ಪಾರಂಪಳ್ಳಿಯ ಕಯಾಕಿಂಗ್ ಹೆಚ್ಚು ಹೆಸರುವಾಸಿ, ಕಾಂಡ್ಲಾ ಕಾಡೂ ಅಲ್ಲಿ ದಟ್ಟ. ಆದರೆ ಬೆಂಗ್ರೆಯಿಂದ ಅದು ನೀರಿನ ಆಚೆಗೇ ಇದ್ದರೂ ರಸ್ತೆಯಲ್ಲಿ ಸಂತೆಕಟ್ಟೆ, ಬ್ರಹ್ಮಾವರ ಅಂತ ದೊಡ್ಡ ಸುತ್ತು.

ಮತ್ತೆ ಅನ್ನ? ಅದಕ್ಕೊಂದು ಉಪಾಯ ಉಂಟು. ಕುಚ್ಚಲಕ್ಕಿಯನ್ನು ಬೇಕಾದಷ್ಟು ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ. ಮುಚ್ಚಳ ಬಿಗಿಯಾಗಿ ಹಾಕಿ. ಪಾತ್ರೆಯನ್ನು ದಪ್ಪ ಕಂಬಳಿಯಲ್ಲಿ ಸುತ್ತಿ ಮೂಲೆಗಿಟ್ಟು ಹೊರಗೆ ಹೋಗಿ. ಒಂದೂವರೆ ಗಂಟೆ ಬಿಟ್ಟು ಬಂದರೆ ಅನ್ನ ಆಗಿರುತ್ತದೆ, ಬಸಿದರೆ ಮುಗಿಯಿತು. ಹೆಬ್ರಿಯಲ್ಲೂ ಇದು ಆಗುತ್ತಿತ್ತು, ಆದರೆ ಅಲ್ಲಿ ಒಂದೂವರೆ ಗಂಟೆಯಲ್ಲಿ ಹೋಗಿ ಬರುವಂಥದ್ದು ಏನಿದೆ? ಬೆಂಗ್ರೆಯಲ್ಲಿ ಅನ್ನ ಕಂಬಳಿಯಲ್ಲಿ, ನಾನು ಹೊಳೆಯಲ್ಲಿ. ಮಕ್ಕಳು ಆ ಸಪಾಟು ರಸ್ತೆಯಲ್ಲಿ ಸೈಕಲ್. ಗಂಡ ಮೀನು ಕ್ಲೀನ್ ಮಾಡಲು ಕಲಿತದ್ದೂ ಅಲ್ಲೇ. ಅರ್ಧ ಕಾಣೆ ಪರಿಚಯದ ಬೆಕ್ಕಿಗೆ ಹೋಯಿತು, ಇರಲಿ.

ಮಕ್ಕಳನ್ನು ಕೇಳಿದರೆ ಈಗಲೂ ಸಸಿಹಿತ್ಲು ಅನ್ನುತ್ತಾರೆ. ಗಂಡನಿಗೆ ಹೆಬ್ರಿ, ಫೋನಿಗೆ ಸಿಗ್ನಲ್ ಇಲ್ಲ ಎಂಬ ಒಂದೇ ಕಾರಣಕ್ಕೆ. ವಯಸ್ಸಾದವರಿದ್ದರೆ, ಮಳೆ ನಿಂತ ಮೇಲಿನ ತಿಂಗಳಾದರೆ ನಾನೂ ಹೆಬ್ರಿಯನ್ನೇ ಹೇಳುತ್ತೇನೆ, ಆದರೆ ಅಡುಗೆಗೆ ಪಾಳಿ ಹಾಕಿಕೊಂಡು ಹೋಗಿ. ಮಳೆಗಾಲದಲ್ಲಿ ಬೇಡ. ಜೋರು ಮಳೆಗೆ ಕೂಡ್ಲು ತೀರ್ಥಕ್ಕೆ ಬಿಡುವುದಿಲ್ಲ, ಸಿಗುವುದು ಉಂಬಳ ಮಾತ್ರ.

ಜನವರಿಗೆ ಬೆಂಗ್ರೆಯ ಗುಲಾಬಿ ಮನೆಯನ್ನೇ ಹೇಳಿದ್ದೇನೆ. ಅತ್ತೆಯ ಷರತ್ತು ಒಂದೇ: ನಮ್ಮ ಮನೆಯ ಬಾವಿಯ ನೀರು ನಾಲ್ಕು ಕ್ಯಾನ್, ನಮ್ಮ ಮನೆಯ ಹೆರೆಮಣೆ ಒಂದು, ಎರಡೂ ಕಾರಿನ ಡಿಕ್ಕಿಯಲ್ಲಿ ಇರಬೇಕು.