ಇಂಡೆಮ್ನಿಟಿ ಪಾಲಿಸಿ ಬದಲಾಯಿಸುವ ಮೊದಲು ಈ ಒಂದು ತಾರೀಕು ನೋಡಿ

ಕಾಸರಗೋಡು, ಮಂಗಳೂರು ಕಡೆ ಸ್ವಂತವಾಗಿ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಕೊಡುವವರು ತುಂಬಾ ಜನ ಇದ್ದೀರಿ. ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ, ಅಂದರೆ ನಮ್ಮ ಕೆಲಸದಲ್ಲಿ ತಪ್ಪಾಯಿತು ಅಂತ ಯಾರಾದರೂ ಪರಿಹಾರ ಕೇಳಿದರೆ ರಕ್ಷಣೆ ಕೊಡುವ ವಿಮೆ, ಇದ್ದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಪ್ರೀಮಿಯಂ ಕಮ್ಮಿ ಆಗುತ್ತದೆ, ಕಂಪೆನಿ ಬದಲಾಯಿಸಿ ಅಂತ ಏಜೆಂಟ್ ಬೆನ್ನು ಬಿದ್ದಿದ್ದರೆ ಓದಲೇಬೇಕು.

ಬದಿಯಡ್ಕ ಹತ್ತಿರ ಗುಡ್ಡ ಕಡಿದು ಸಮ ಮಾಡಿದ ಒಂದು ಜಾಗಕ್ಕೆ ತಡೆಗೋಡೆಯ ಡ್ರಾಯಿಂಗ್ ಮಾಡಿಕೊಟ್ಟಿದ್ದೆ. ಗೋಡೆಯ ಹಿಂದೆ ಜಲ್ಲಿ ತುಂಬಿಸಬೇಕು, ನೀರು ಹೊರಗೆ ಹೋಗಲು ಪೈಪ್ ಇಡಬೇಕು ಅಂತ ಡ್ರಾಯಿಂಗ್‌ನಲ್ಲೇ ಬರೆದಿತ್ತು. ಕಟ್ಟಿದವರು ಅಲ್ಲೇ ಕಡಿದ ಮಣ್ಣು ತುಂಬಿಸಿದರು. ಪೈಪ್ ಅಲ್ಲೊಂದು ಇಲ್ಲೊಂದು. ಕೆಲವು ಮಳೆಗಾಲ ಹೇಗೋ ನಿಂತಿತು. ಆಮೇಲೆ ಒಂದು ಆಟಿಯ ಮಳೆಗೆ ಮಣ್ಣು ನೀರು ಕುಡಿದು, ಗೋಡೆ ಮುಂದಕ್ಕೆ ಉಬ್ಬಿ, ನಡುವಿನಿಂದ ಬಿರುಕು ಬಿಟ್ಟಿತು. ಮನೆಯವರು ಗುತ್ತಿಗೆದಾರರಿಗೂ ನನಗೂ ವಕೀಲರ ನೋಟಿಸ್ ಕಳಿಸಿದರು.

ಕ್ಲೇಮ್ ಹಾಕಿದೆ. ಕಂಪೆನಿ ತಳ್ಳಿಹಾಕಿತು. ಕೆಲಸ ನಡೆದದ್ದು ರೆಟ್ರೋಆಕ್ಟಿವ್ ಡೇಟ್‌ಗಿಂತ (ಯಾವ ದಿನದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಅನ್ನುವ ತಾರೀಕು) ಮೊದಲು ಅಂತೆ.

ಇದು ಬೈಕಿನ ಇನ್ಶೂರೆನ್ಸ್ ಥರ ಅಲ್ಲ. ಅಲ್ಲಿ ಅಪಘಾತ ಆದ ದಿನ ಪಾಲಿಸಿ ಇದ್ದರೆ ಆಯಿತು. ಇಲ್ಲಿ ನಿಮ್ಮ ಮೇಲೆ ಕ್ಲೇಮ್ ಬರುವಾಗ ಪಾಲಿಸಿ ಚಾಲ್ತಿಯಲ್ಲಿರಬೇಕು. ಜೊತೆಗೆ ಆ ಕೆಲಸ ರೆಟ್ರೋಆಕ್ಟಿವ್ ಡೇಟ್ ಆದ ಮೇಲಿನದ್ದಾಗಿರಬೇಕು. ಸಾಮಾನ್ಯವಾಗಿ ಮೊದಲ ಪಾಲಿಸಿ ಶುರುವಾದ ದಿನವೇ ಆ ತಾರೀಕು. ತಪ್ಪದೆ ರಿನ್ಯೂ ಮಾಡುತ್ತಾ ಹೋದರೆ ಅದು ಹಾಗೇ ಉಳಿಯುತ್ತದೆ. ನಡುವೆ ಬಿಟ್ಟುಹೋದರೆ, ಅಥವಾ ಹೊಸ ಕಂಪೆನಿ ಹಳೇ ತಾರೀಕನ್ನು ಒಪ್ಪದಿದ್ದರೆ, ಹಿಂದೆ ಮಾಡಿದ ಕೆಲಸ ಯಾವುದಕ್ಕೂ ರಕ್ಷಣೆ ಇಲ್ಲ. ಕಟ್ಟಡದ ದೋಷ ಕಾಣಿಸಿಕೊಳ್ಳುವುದೇ ವರ್ಷಗಳ ಮೇಲೆ ಅಲ್ವಾ? ಹಾಗಾಗಿ ನಮ್ಮಂಥವರಿಗೆ ಈ ತಾರೀಕೇ ಪಾಲಿಸಿಯ ಜೀವ.

ನಾನು ಕಂಪೆನಿ ಬದಲಾಯಿಸುವಾಗ "ಮೇಡಂ, ಕವರ್ ಎಲ್ಲಾ ಹಳೇದೇ, ಪ್ರೀಮಿಯಂ ಮಾತ್ರ ಕಮ್ಮಿ" ಅಂತ ಏಜೆಂಟ್ ಹೇಳಿದ್ದರು. ಪ್ರಪೋಸಲ್ ಫಾರ್ಮ್ ಜೊತೆ ಹಳೇ ಪಾಲಿಸಿಯ ಪ್ರತಿಯನ್ನೂ ಕೊಟ್ಟಿದ್ದೆ. ಆದರೆ ಹೊಸ ಶೆಡ್ಯೂಲ್‌ನಲ್ಲಿ (ಪಾಲಿಸಿಯ ವಿವರಗಳ ಹಾಳೆ), ವಿಮಾ ಮೊತ್ತದ ಕೆಳಗೆ ಸಣ್ಣ ಅಕ್ಷರದಲ್ಲಿ ರೆಟ್ರೋಆಕ್ಟಿವ್ ಡೇಟ್ ಅಂತ ಹಾಕಿದ್ದು ಹೊಸ ಪಾಲಿಸಿ ಶುರುವಾದ ತಾರೀಕು. ಈಗ ಏಜೆಂಟ್ ಕಂಪೆನಿಯನ್ನು ತೋರಿಸುತ್ತಾರೆ, ಕಂಪೆನಿ ಏಜೆಂಟರನ್ನು ತೋರಿಸುತ್ತದೆ. ಹಳೇ ಪಾಲಿಸಿ ಕೈಯಲ್ಲಿಟ್ಟುಕೊಂಡೇ ತಾರೀಕು ಬದಲಾಯಿಸಿ, ಒಂದು ಮಾತೂ ಹೇಳದೆ ಇರುವುದು ದೊಡ್ಡ ಅನ್ಯಾಯ. ವಕೀಲರ ಫೀಸು ಈಗ ನನ್ನ ಕೈಯಿಂದಲೇ ಹೋಗುತ್ತಿದೆ. ಗೋಡೆ ಡ್ರಾಯಿಂಗ್ ಪ್ರಕಾರ ಕಟ್ಟಿಲ್ಲ ಅಂತ ತೋರಿಸಲಿಕ್ಕೂ ದುಡ್ಡು ಬೇಕು. ಆ ಖರ್ಚಿಗೂ ಸೇರಿಯೇ ಈ ಪಾಲಿಸಿ ಮಾಡಿಸುವುದು.

ಕಂಪೆನಿ ಬದಲಾಯಿಸುವುದಿದ್ದರೆ, ಹಳೇ ರೆಟ್ರೋಆಕ್ಟಿವ್ ಡೇಟ್ ಮುಂದುವರಿಯುತ್ತದೆ ಅಂತ ಹೊಸ ಕಂಪೆನಿಯಿಂದಲೇ ಇಮೇಲ್ ತರಿಸಿಕೊಳ್ಳಿ. ದುಡ್ಡು ಕಟ್ಟುವುದು ಆಮೇಲೆ. ಏಜೆಂಟರ ಬಾಯಿಮಾತು ಸಾಲದು. ನೋಟಿಸ್ ಬಂದರೆ, ಬರಬಹುದು ಅನ್ನಿಸಿದರೂ, ಕೂಡಲೇ ಕಂಪೆನಿಗೆ ಬರೆದು ತಿಳಿಸಿ. ಅವರ ಒಪ್ಪಿಗೆ ಇಲ್ಲದೆ ಮನೆಯವರಿಗೆ "ನಾನೇ ಸರಿ ಮಾಡಿಸಿ ಕೊಡ್ತೇನೆ" ಅಂತ ವಾಟ್ಸಾಪ್‌ನಲ್ಲಿ ಕೂಡ ಹೇಳಬೇಡಿ. ಅದನ್ನೇ ಹಿಡಿದು ಕ್ಲೇಮ್ ನಿರಾಕರಿಸಬಹುದು.

ನಿರಾಕರಿಸಿದರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, ಕೇರಳದವರಿಗೆ ಕೊಚ್ಚಿಯಲ್ಲಿ ವಿಮಾ ಓಂಬುಡ್ಸ್‌ಮನ್ (ವಿಮಾ ಕಂಪೆನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಕಚೇರಿ ಇದೆ. ಒಬ್ಬರೇ ನಡೆಸುವ ವ್ಯವಹಾರದ ಪಾಲಿಸಿಯ ದೂರನ್ನೂ ತೆಗೆದುಕೊಳ್ಳುತ್ತಾರೆ, 50 ಲಕ್ಷ ರೂಪಾಯಿವರೆಗೆ. ಫೀಸಿಲ್ಲ, ವಕೀಲರೂ ಬೇಡ. ಆದರೆ ಒಂದು ವರ್ಷದೊಳಗೆ ಹೋಗಬೇಕು. ನನ್ನ ದೂರು ಅಲ್ಲಿಗೆ ಹೋಗಿದೆ. ಜೊತೆಗೆ ಇಟ್ಟದ್ದು ಹಳೇ ಪಾಲಿಸಿಗಳು ಮತ್ತು ಏಜೆಂಟರ ಮೆಸೇಜ್‌ಗಳು. ನೀವೂ ಅವನ್ನು ಅಳಿಸಬೇಡಿ.