ಚೌಕಾಬಾರದ ಗೇಮಿಗೆ ಸ್ಕ್ರಮ್ಮೋ, ಕಾನ್‌ಬಾನೋ?

ಮೈಸೂರಿನಲ್ಲಿ ನಾನು ಗೇಮ್ ಡೆವಲಪ್‌ಮೆಂಟ್ ಪಾಠ ಮಾಡುತ್ತೇನೆ. ಬೇರೆ ಬೇರೆ ಬ್ಯಾಚಿಗೆ ಕೊಟ್ಟದ್ದು ಒಂದೇ ಕೆಲಸ: ಗೇಮ್ ಕಟ್ಟುವ ತಂತ್ರಾಂಶವಾದ ಗೋಡೋ ಎಂಜಿನ್‌ನಲ್ಲಿ ಚೌಕಾಬಾರ ಕಟ್ಟಿ. ಬದಲಾಯಿಸಿದ್ದು ಕೆಲಸದ ಪದ್ಧತಿ ಮಾತ್ರ.

ವಾಟರ್‌ಫಾಲ್ ಅಂದರೆ ಮೊದಲು ಪೂರ್ತಿ ಯೋಜನೆ ಬರೆದು, ಆಮೇಲೆ ಕಟ್ಟುವ ಪದ್ಧತಿ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅರ್ಧ ಸೆಮಿಸ್ಟರ್ ಡಿಸೈನ್ ಡಾಕ್ಯುಮೆಂಟಿಗೇ ಹೋಯಿತು. ಎದುರಾಳಿಯ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಅದರಲ್ಲಿ ಚೊಕ್ಕವಾಗಿಯೇ ಇತ್ತು. ಆದರೆ ಕಂಪ್ಯೂಟರ್ ಎದುರಾಳಿ ಗುಣಾಕಾರದ ಗುರುತು ಹಾಕಿದ, ಕಾಯಿ ಹೊಡೆಯಲಾಗದ ಮನೆ ಬಿಟ್ಟು ಕದಲದಿದ್ದರೆ ಆಟವೇ ನಿಂತುಹೋಗುತ್ತದೆ ಅನ್ನುವುದು ಆಡಿದ ಮೇಲಷ್ಟೇ ಗೊತ್ತಾಯಿತು. ಅಷ್ಟರಲ್ಲಿ ಪರೀಕ್ಷೆ ಬಂದಿತ್ತು.

ಸ್ಕ್ರಮ್ ಅಂದರೆ ಸ್ಪ್ರಿಂಟ್ ಎಂಬ ಸಣ್ಣ ಸಣ್ಣ ಕಂತಿನಲ್ಲಿ ಕಟ್ಟಿ ತೋರಿಸುವ ಪದ್ಧತಿ. ಅದಕ್ಕೆ ಎರಡು ವಾರದ ಸ್ಪ್ರಿಂಟ್ ಇಟ್ಟೆ. ಯಾರ ಕೆಲಸ ಎಲ್ಲಿಗೆ ಬಂತು ಎಂದು ಹೇಳುವ ದಿನಾ ಹದಿನೈದು ನಿಮಿಷದ ಸಭೆ, ಸ್ಟ್ಯಾಂಡ್‌ಅಪ್, ಕಂಪನಿಗೆ ಸರಿ. ನಮ್ಮ ಹುಡುಗರಿಗೆ ಲ್ಯಾಬ್, ಇಂಟರ್ನಲ್ಸ್. ಕೆಲವರಿಗೆ ಸಂಜೆಯ ಮಂಡ್ಯದ ರೈಲು ಬೇರೆ. ಕೊನೆಗೆ ಅದು ವಾಟ್ಸಾಪಿನಲ್ಲಿ "ನಿನ್ನೇದೇ ಮಾಡ್ತಿದ್ದೀನಿ ಸಾರ್" ಅನ್ನುವಲ್ಲಿಗೆ ಬಂತು.

ಆದರೆ ಸ್ಪ್ರಿಂಟ್ ಕೊನೆಗೆ ಮಾಡಿದ್ದನ್ನು ತೋರಿಸುವ ರಿವ್ಯೂ ಇದೆಯಲ್ಲ, ಅದು ಬಂಗಾರ. ಮೊದಲ ರಿವ್ಯೂಗೆ ಬಂದದ್ದು ಇಪ್ಪತ್ತೈದು ಮನೆ, ನಾಲ್ಕು ಕವಡೆ, ಅಷ್ಟೆ. ಒಂದು ಚಿತ್ರವೂ ಇರಲಿಲ್ಲ. ಪಕ್ಕದ ತಂಡದ ಹುಡುಗಿ ಆಡಲು ಕೂತವಳು, "ಇಷ್ಟು ಸಲ ಬಾರ ಬೀಳತ್ತೇನ್ರೋ?" ಎಂದಳು. ಕೋಡ್ ತೆಗೆದರೆ, 1, 2, 3, 4, 8ರಲ್ಲಿ ಒಂದನ್ನು ಸಮನಾಗಿ ಆರಿಸುತ್ತಿತ್ತು. ಅಂದರೆ ಬಾರ (ಎಂಟು) ಬೀಳುವುದು ಐದಕ್ಕೊಂದು ಸಲ. ಕವಡೆ ಮೇಲೆ-ಕೆಳಗೆ ಸಮಸಮ ಬೀಳುತ್ತದೆ ಎಂದುಕೊಂಡರೂ ನಾಲ್ಕೂ ಮಗುಚಿ ಎಂಟು ಬೀಳುವುದು ಹದಿನಾರಕ್ಕೊಂದು ಸಲ. ಎರಡು ಬೀಳುವುದು ಹದಿನಾರಕ್ಕೆ ಆರು. ಒಂದೊಂದೇ ಕವಡೆ ಎಸೆಯುವಂತೆ ಬದಲಾಯಿಸಿದರು, ಆಟಕ್ಕೆ ಕಳೆ ಬಂತು.

ಕಾನ್‌ಬಾನ್ ಅಂದರೆ ಒಂದೊಂದು ಕೆಲಸವನ್ನೂ ಚೀಟಿಯಲ್ಲಿ ಬರೆದು, ಕೆಲಸ ಮುಂದೆ ಹೋದಂತೆ ಬೋರ್ಡಿನ ಮೇಲೆ ಸರಿಸುವ ಪದ್ಧತಿ. ಅದರ ಮೂಲ ಟೊಯೋಟಾ ಕಾರ್ಖಾನೆ. ಒಬ್ಬರ ಕೈಯಲ್ಲಿ ಎರಡಕ್ಕಿಂತ ಹೆಚ್ಚು ಚೀಟಿ ಇರಕೂಡದು ಎಂದು ಮಿತಿ ಹಾಕಿದೆ. ಬಗ್ ತೆಗೆಯುವುದಕ್ಕೆ, ಚಿತ್ರ ಬರೆಯುವವರಿಗೆ ಚೆನ್ನಾಗಿ ಒಗ್ಗಿತು. ಗಡುವಿಲ್ಲದ್ದೇ ತೊಂದರೆ: ದಸರಾ ರಜೆ ಮುಗಿದು ಬಂದರೂ ಬೋರ್ಡಿನಲ್ಲಿ ಒಂದು ಚೀಟಿಯೂ ಅಲುಗಿರಲಿಲ್ಲ.

ಈಗ ಆಟ ಒಂದು ರೂಪಕ್ಕೆ ಬರುವವರೆಗೆ ಸ್ಪ್ರಿಂಟ್, ಆಮೇಲೆ ಕಾನ್‌ಬಾನ್. ಸ್ಟ್ಯಾಂಡ್‌ಅಪ್ ವಾರಕ್ಕೆರಡೇ, ಅದೂ ಲ್ಯಾಬಿನಲ್ಲಿ. ಸ್ಕ್ರಮ್‌ನಂಥ ಪದ್ಧತಿಗಳ ತತ್ವ ಹೇಳುವ 2001ರ ಅಜೈಲ್ ಪ್ರಣಾಳಿಕೆಯೂ ದಾಖಲೆ ಬೇಡ ಅಂದಿಲ್ಲ, ಓಡುವ ಸಾಫ್ಟ್‌ವೇರಿಗೆ ಬೆಲೆ ಜಾಸ್ತಿ ಅಂದಿದೆ. ಹಾಗಾಗಿ ಡಿಸೈನ್ ಡಾಕ್ಯುಮೆಂಟ್ ಎರಡು ಪುಟಕ್ಕೆ ಇಳಿದಿದೆ. ಮಾರ್ಕ್ಸ್‌ನ ದೊಡ್ಡ ಪಾಲು ರಿವ್ಯೂ ದಿನ ಪಕ್ಕದ ತಂಡ ಕೂತು ಆಡುವ ಬಿಲ್ಡಿಗೆ, ಅಂದರೆ ಗೇಮಿನ ಓಡುವ ಆವೃತ್ತಿಗೆ.