ಶಂಖದ ಹುಳುವಿಗೆ ಯಾವ ಮಾಡೆಲ್, ಸಿಂಗಳೀಕಕ್ಕೆ ಯಾವುದು?

ಮೂರು ವರ್ಷದ ಹಿಂದೆ, ಜೂನ್ ತಿಂಗಳ ಒಂದು ರಾತ್ರಿ, ಹಾಸನ ಜಿಲ್ಲೆಯ ಹೆತ್ತೂರು ಹತ್ತಿರದ ನಮ್ಮ ತೋಟಕ್ಕೆ ಟಾರ್ಚ್ ಹಿಡಿದು ಇಳಿದೆ. ಒಂದೇ ಒಂದು ಹಾಲುವಾಣದ ಮರ. ಅದರ ಬುಡದಿಂದ ನನ್ನ ಎದೆಯೆತ್ತರದವರೆಗೆ ನಲವತ್ತೊಂದು ಶಂಖದ ಹುಳು ಅಂಟಿಕೊಂಡಿದ್ದವು. ಆಫ್ರಿಕನ್ ದೈತ್ಯ ಬಸವನಹುಳು ಅಂತ ಪತ್ರಿಕೆಗಳಲ್ಲಿ ಬರುವುದು ಇದೇ. ಮರಕ್ಕೆ ಹಬ್ಬಿಸಿದ್ದ ಮೆಣಸಿನ ಬಳ್ಳಿಯ ಚಿಗುರಿರಲಿಲ್ಲ. ಪಕ್ಕದ ಕಾಫಿ ಗಿಡದ ಎಳೆ ತೊಗಟೆ ಕೆರೆದು ಒಳಗಿನ ಹಸಿರು ಕಾಣುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಈ ತೋಟದಲ್ಲಿ ಒಂದೂ ಇರಲಿಲ್ಲ. ಬೆಳಿಗ್ಗೆ ಪಕ್ಕದ ತೋಟದ ಗೌಡ್ರು ಬೇಲಿ ಹತ್ತಿರ ಬಂದು ಕೇಳಿದರು: "ನೀನು ಕಾಡುಪ್ರಾಣಿಗಳದ್ದು ಅದೇನೋ ಮ್ಯಾಪ್ ಮಾಡ್ತೀಯಲ್ಲಪ್ಪ, ಮುಂದಿನ ವರ್ಷ ಇವು ಎಲ್ಲಿಗೆ ಹೋಗ್ತವೆ ಅಂತ ಹೇಳಕ್ಕಾಗುತ್ತಾ?"

ಆ ಪ್ರಶ್ನೆಯಿಂದಲೇ ಈ ಹೋಲಿಕೆ ಶುರುವಾಯಿತು. ಒಂದು ಜೀವಿ ಕಂಡ ಜಾಗಗಳನ್ನೆಲ್ಲ ಗುರುತು ಹಾಕಿ, ಅಲ್ಲಿಯ ಮಳೆ, ಬಿಸಿಲು, ಎತ್ತರ, ಕಾಡು ಹೇಗಿದೆ ನೋಡಿ, ಅಂಥದೇ ಜಾಗ ಇನ್ನೆಲ್ಲಿದೆ ಅಂತ ಹುಡುಕುವುದು ಈ ಕಂಪ್ಯೂಟರ್ ಮಾಡೆಲ್‌ಗಳ ಕೆಲಸ. ನಾನು ನಾಲ್ಕು ಬಗೆ ಹಾಕಿ ನೋಡಿದೆ: ಬಯೋಕ್ಲಿಮ್, ರ‍್ಯಾಂಡಮ್ ಫಾರೆಸ್ಟ್, ಮ್ಯಾಕ್ಸೆಂಟ್, ಕ್ಲೈಮೆಕ್ಸ್. ಪ್ರಾಣಿ ಎರಡು. ಒಂದು ನಮ್ಮ ತೋಟಕ್ಕೆ ನುಗ್ಗಿದ ಶಂಖದ ಹುಳು, ಇನ್ನೊಂದು ಬಿಸ್ಲೆ ಕಾಡಿನ ಸಿಂಗಳೀಕ, ಅಂದರೆ ಸಿಂಹಬಾಲದ ಕೋತಿ. ಒಂದನ್ನು ತಡೆಯಬೇಕು, ಇನ್ನೊಂದನ್ನು ಉಳಿಸಬೇಕು. ಎರಡಕ್ಕೂ ಒಂದೇ ಮಾಡೆಲ್ ಸಾಕು ಅಂತ ನಾನೂ ಅಂದುಕೊಂಡಿದ್ದೆ.

ಮಾಡೆಲ್‌ಗಿಂತ ಮೊದಲು ಹವಾಮಾನದ ಲೆಕ್ಕದ ಬಗ್ಗೆ ಹೇಳಬೇಕು. ಬಹುತೇಕ ಎಲ್ಲರೂ ಬಳಸುವುದು ವರ್ಲ್ಡ್‌ಕ್ಲಿಮ್, ನೆಲವನ್ನು ಚೌಕಗಳಾಗಿ ಹಂಚಿ ಒಂದೊಂದು ಚೌಕಕ್ಕೂ ಹವಾಮಾನದ ಅಂಕಿ ಕೊಡುವ ದತ್ತಾಂಶ. ಅದರ ಎರಡನೇ ಆವೃತ್ತಿಯಲ್ಲಿ ಇರುವುದು 1970ರಿಂದ 2000ರವರೆಗಿನ ಸರಾಸರಿ, ಮಳೆ ಮತ್ತು ಉಷ್ಣಾಂಶದಿಂದ ತೆಗೆದ 19 ಅಂಶಗಳು. ಅದರ ಅತಿ ಸಣ್ಣ ಚೌಕವೂ ನಮ್ಮ ಕಡೆ ಸುಮಾರು ಇನ್ನೂರು ಎಕರೆ ಆಗುತ್ತದೆ. ನಮ್ಮದು ಇಪ್ಪತ್ತು ಎಕರೆ ತೋಟ. ಅಂದರೆ ನಮ್ಮಂಥ ಹತ್ತು ತೋಟಕ್ಕೆ, ಗುಡ್ಡದ ನೆತ್ತಿಗೆ, ಕೆಳಗಿನ ಹಳ್ಳಕ್ಕೆ ಎಲ್ಲಕ್ಕೂ ಸೇರಿ ಒಂದೇ ಮಳೆ. ನಮ್ಮಪ್ಪ ಇಂಚು, ಸೆಂಟಿನಲ್ಲಿ ಬರೆದಿಟ್ಟ ಮಳೆ ಪುಸ್ತಕ ತೆರೆದು ಪಕ್ಕದ ಎಸ್ಟೇಟಿನ ಪುಸ್ತಕದ ಜತೆ ಇಟ್ಟು ನೋಡಿ, ಒಂದೇ ವಾರದಲ್ಲಿ ಎಷ್ಟು ವ್ಯತ್ಯಾಸ ಅಂತ ಗೊತ್ತಾಗುತ್ತದೆ. ಹಾಗಾಗಿ ಯಾವ ಮಾಡೆಲ್ ಹಾಕಿದರೂ "ಈ ತೋಟಕ್ಕೆ ಬರುತ್ತೆ, ಆ ತೋಟಕ್ಕೆ ಬರಲ್ಲ" ಅನ್ನುವ ಮಾತು ಅದರಿಂದ ಬರುವುದಿಲ್ಲ. ಹೋಬಳಿ ಮಟ್ಟದ ಮಾತು ಬರುತ್ತದೆ, ಅಷ್ಟೇ.

ಬಯೋಕ್ಲಿಮ್ ಎಲ್ಲಕ್ಕಿಂತ ಹಳೆಯದು, 1980ರ ದಶಕದ್ದು. ಹುಳು ಕಂಡ ಜಾಗಗಳಲ್ಲಿ ಅತಿ ಕಡಿಮೆ ಮಳೆ ಎಷ್ಟು, ಅತಿ ಹೆಚ್ಚು ಎಷ್ಟು, ಚಳಿ ಎಷ್ಟು ಅಂತ ಒಂದೊಂದಕ್ಕೂ ಎರಡು ಗೆರೆ ಎಳೆದು, ಎಲ್ಲ ಗೆರೆಗಳ ಒಳಗೆ ಬರುವ ಜಾಗಕ್ಕೆ ಬಣ್ಣ ಹಚ್ಚುತ್ತದೆ. ಲ್ಯಾಪ್‌ಟಾಪಿನಲ್ಲಿ ಅರೆ ನಿಮಿಷದ ಕೆಲಸ. ಗೌಡ್ರಿಗೆ ವಿವರಿಸಲು ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಆದರೆ ನಾನು ಕೊಟ್ಟ ಬಿಂದುಗಳೆಲ್ಲ ಸಕಲೇಶಪುರ, ಆಲೂರು ಕಡೆಯವು. ಅದು ಮಲೆನಾಡಿಗೆ ಅಚ್ಚುಕಟ್ಟಾಗಿ ಬಣ್ಣ ಹಚ್ಚಿ, ಹಾಸನ ದಾಟುತ್ತಿದ್ದಂತೆ ಬಿಳಿ ಬಿಟ್ಟಿತು. ಅರಸೀಕೆರೆ ಪೂರ್ತಿ ಬಿಳಿ.

ಅದೇ ಸೆಪ್ಟೆಂಬರಿನಲ್ಲಿ ಸಂಬಂಧಿಕರ ಮನೆಗೆಂದು ಅರಸೀಕೆರೆ ಕಡೆ ಹೋದವನು ಅವರ ತೆಂಗಿನ ತೋಟದಲ್ಲಿ, ಡ್ರಿಪ್ ಪೈಪಿನ ಪಕ್ಕದ ಒದ್ದೆ ಮಣ್ಣಲ್ಲಿ, ಬೆರಳುದ್ದದ ಶಂಖ ನೋಡಿದೆ. ಗರಿ ಎತ್ತಿದರೆ ಕೆಳಗೆ ಇನ್ನೂ ಏಳು. ಸುತ್ತಲಿನ ಹೊಲ ಒಣಗಿ ಬಿರುಕು ಬಿಟ್ಟಿತ್ತು. ಹುಳುವಿಗೆ ಆ ಹೊಲದ ಮಳೆ ಬೇಕಿರಲಿಲ್ಲ, ಪೈಪಿನ ನೀರು ಸಾಕಾಗಿತ್ತು. ಒಣಗಾಲ ಬಂದರೆ ಚಿಪ್ಪಿನ ಬಾಯಿಗೆ ಪೊರೆ ಮುಚ್ಚಿಕೊಂಡು ತಿಂಗಳುಗಟ್ಟಲೆ ಮಲಗುವ ಪ್ರಾಣಿ ಇದು. ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ.

ರ‍್ಯಾಂಡಮ್ ಫಾರೆಸ್ಟ್ ಮೇಲೆ ನನಗೆ ಬಹಳ ನಂಬಿಕೆ ಇತ್ತು. 2001ರಲ್ಲಿ ಲಿಯೋ ಬ್ರೈಮನ್ ಕೊಟ್ಟ ವಿಧಾನ. ನೂರಾರು ಪ್ರಶ್ನೆ-ಉತ್ತರದ ಮರಗಳನ್ನು ಬೆಳೆಸಿ, ಎಲ್ಲದರ ಮತ ಎಣಿಸುತ್ತದೆ. ಬಿಂದುಗಳಲ್ಲಿ ಕಾಲು ಭಾಗ ಬಚ್ಚಿಟ್ಟು ಪರೀಕ್ಷೆ ಮಾಡಿದಾಗ ಮಾಡೆಲ್ ಎಷ್ಟು ಸರಿ ಅಂತ ಅಳೆಯುವ ಎಯುಸಿ ಅಂಕ ಒಂದರ ಹತ್ತಿರ ಬಂತು. ಅರ್ಧ ಅಂದರೆ ನಾಣ್ಯ ಚಿಮ್ಮಿದ ಹಾಗೆ, ಒಂದು ಅಂದರೆ ತಪ್ಪೇ ಇಲ್ಲ ಅಂತ. ಎರಡು ದಿನ ಖುಷಿಯಲ್ಲಿದ್ದೆ. ಆಮೇಲೆ ಬೇರೆ ಥರ ಪರೀಕ್ಷಿಸಿದೆ. ಹಾಸನ ಜಿಲ್ಲೆಯ ಬಿಂದುಗಳನ್ನು ಮಾತ್ರ ಕೊಟ್ಟು ಕಲಿಸಿ, ಮೂಡಿಗೆರೆ ಕಡೆ ನಾನೇ ಕಣ್ಣಾರೆ ಕಂಡ ಜಾಗಗಳನ್ನು ಹೇಳು ಅಂದೆ. ಅರ್ಧಕ್ಕಿಂತ ಹೆಚ್ಚು ಜಾಗಗಳನ್ನು ಬಿಟ್ಟಿತು. ಕಾರಣ ಸರಳ: ಬಚ್ಚಿಟ್ಟ ಕಾಲು ಭಾಗವೂ ಅದೇ ರಸ್ತೆ, ಅದೇ ಊರಿನ ಬಿಂದುಗಳು. ಪಕ್ಕದ ಮನೆಯವರ ಉತ್ತರ ನೋಡಿ ಬರೆದಂಥ ಪರೀಕ್ಷೆ ಅದು. ಯಾರಾದರೂ ಎಯುಸಿ ಅಂಕ ತೋರಿಸಿದರೆ, ಪರೀಕ್ಷೆಯ ಬಿಂದು ಎಲ್ಲಿಂದ ತಂದಿರಿ ಅಂತ ನಾನು ಈಗ ಮೊದಲು ಕೇಳುತ್ತೇನೆ.

ಮ್ಯಾಕ್ಸೆಂಟ್ ಜತೆ ಹೆಚ್ಚು ದಿನ ಕಳೆದೆ. ಸ್ಟೀವನ್ ಫಿಲಿಪ್ಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ವಿಧಾನ, ಸಾಫ್ಟ್‌ವೇರ್ ಉಚಿತ. "ಇಲ್ಲಿ ಇಲ್ಲ" ಅನ್ನುವ ದಾಖಲೆ ಇದಕ್ಕೆ ಬೇಕಿಲ್ಲ, "ಇಲ್ಲಿ ಇದೆ" ಅನ್ನುವುದು ಸಾಕು. ನಮ್ಮ ಕಡೆ ಸಿಗುವುದೂ ಅಂಥ ದಾಖಲೆಯೇ. ಸುಮ್ಮನೆ ಹಾಗೇ ಓಡಿಸಿದರೆ ಹಿನ್ನೆಲೆಗೆಂದು, ಅಂದರೆ ಹೋಲಿಸಿ ನೋಡಲೆಂದು, ಇಡೀ ಪ್ರದೇಶದಿಂದ ಹತ್ತು ಸಾವಿರ ಬಿಂದು ಆರಿಸಿಕೊಳ್ಳುತ್ತದೆ. ಮೊದಲ ನಕ್ಷೆ ನೋಡಿ ಅಮ್ಮ ಅಂದಿದ್ದು: "ಇದು ಬಸ್ ರೂಟ್ ಅಲ್ವಾ?" ನಿಜ. ಹಾಸನದಿಂದ ಸಕಲೇಶಪುರ, ಬೇಲೂರಿಂದ ಚಿಕ್ಕಮಗಳೂರು, ಹೆದ್ದಾರಿ ಉದ್ದಕ್ಕೂ ಕೆಂಪು. ಜನ ಫೋಟೋ ತೆಗೆಯುವುದು ರಸ್ತೆ ಬದಿಯಲ್ಲಿ, ಮಾಡೆಲ್ ಕಲಿತಿದ್ದು ರಸ್ತೆಯನ್ನು.

ಇದಕ್ಕೆ ಮದ್ದಿದೆ. ಹಿನ್ನೆಲೆ ಬಿಂದುಗಳನ್ನೂ ಜನ ಓಡಾಡಿ ದಾಖಲೆ ಮಾಡಿದ ಜಾಗಗಳಿಂದಲೇ ಆರಿಸಬೇಕು. ಅದೇ ಜನ ಅದೇ ರಸ್ತೆಯಲ್ಲಿ ಹಾಕಿದ ಚಿಟ್ಟೆ, ಕಪ್ಪೆ, ಗಿಡಗಳ ದಾಖಲೆ ತಂದು ಹಿನ್ನೆಲೆಗೆ ಕೊಟ್ಟೆ. ಹೆದ್ದಾರಿಯ ಕೆಂಪು ಮಾಯವಾಯಿತು. ಹಳ್ಳದ ಬದಿ, ತೋಟದ ತಗ್ಗು ಇರುವ ಹೋಬಳಿಗಳು ಮೇಲೆದ್ದವು. ನಂತರ ಹುಳುವಿನ ತವರು ಪೂರ್ವ ಆಫ್ರಿಕಾದ ಬಿಂದುಗಳನ್ನೂ, ಭಾರತದ ಬೇರೆ ರಾಜ್ಯಗಳದ್ದನ್ನೂ ಸೇರಿಸಿದೆ. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟ ಹುಳು ಇನ್ನೂ ಹರಡುತ್ತಲೇ ಇದೆ. ನಮ್ಮ ಜಿಲ್ಲೆಯಲ್ಲಿ ಅದು ಎಲ್ಲಿ ಬದುಕಬಲ್ಲದೋ ಅಲ್ಲೆಲ್ಲ ಇನ್ನೂ ತಲುಪಿಲ್ಲ. ಇಲ್ಲಿಯ ಬಿಂದು ಮಾತ್ರ ಕೊಟ್ಟರೆ, ತಲುಪದ ಜಾಗವನ್ನು ಮಾಡೆಲ್ ಒಗ್ಗದ ಜಾಗ ಅಂದುಕೊಳ್ಳುತ್ತದೆ. ದೂರದ ಬಿಂದು ಸೇರಿಸಿದ ಮೇಲೆ ಮೂಡಿಗೆರೆ ಪರೀಕ್ಷೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸರಿ ಬಂತು. ಅರಸೀಕೆರೆ ಮಾತ್ರ ತಿಳಿ ಹಳದಿಗಿಂತ ಮೇಲೆ ಹೋಗಲಿಲ್ಲ.

ಅರಸೀಕೆರೆಯನ್ನು ಹಿಡಿದದ್ದು ಕ್ಲೈಮೆಕ್ಸ್. ಆಸ್ಟ್ರೇಲಿಯಾದ ಸದರ್ಸ್ಟ್ ಮತ್ತು ಮೇವಾಲ್ಡ್ 1985ರಲ್ಲಿ ಹೊರತಂದದ್ದು. ಇದರ ದಾರಿ ಬೇರೆ. ಎಷ್ಟು ಚಳಿಯಾದರೆ ಬೆಳವಣಿಗೆ ನಿಲ್ಲುತ್ತದೆ, ಮಣ್ಣಿನ ತೇವ ಎಷ್ಟಕ್ಕಿಳಿದರೆ ಸೊರಗುತ್ತದೆ ಅಂತ ಜೀವಿಯ ಗುಣವನ್ನೇ ಕೇಳುತ್ತದೆ. ಮಳೆಯ ಮೇಲೆ ನೀರಾವರಿ ಸೇರಿಸುವ ಆಯ್ಕೆಯೂ ಇದೆ. ಅದನ್ನು ಹಾಕಿದ ತಕ್ಷಣ ಅರಸೀಕೆರೆ, ಕಡೂರು ಕಡೆಯ ತೆಂಗು-ಅಡಿಕೆ ಪಟ್ಟಿ ಬಣ್ಣಕ್ಕೆ ತಿರುಗಿತು. ತೊಂದರೆ ಏನೆಂದರೆ ಈ ಸಾಫ್ಟ್‌ವೇರ್ ನನ್ನ ಹತ್ತಿರ ಇರಲಿಲ್ಲ. ಸ್ನೇಹಿತನ ಲ್ಯಾಬಿನಲ್ಲಿ ಒಂದು ವಾರ ಕೂತು ಮುಗಿಸಿದೆ. ಜೀವಿಯ ಗುಣ ಚೆನ್ನಾಗಿ ಗೊತ್ತಿಲ್ಲದಿದ್ದರೆ ಅಂಕಿ ಹಾಕುವುದೇ ಕಷ್ಟ.

ಶಂಖದ ಹುಳುವಿಗೆ ನನ್ನ ಆಯ್ಕೆ ಹೀಗಾಯಿತು: ತಿದ್ದಿದ ಹಿನ್ನೆಲೆಯ ಮ್ಯಾಕ್ಸೆಂಟ್, ನೀರಾವರಿ ಪ್ರದೇಶಕ್ಕೆ ಕ್ಲೈಮೆಕ್ಸ್. ಬಣ್ಣ ಹಚ್ಚುವಾಗ ಕೈ ಧಾರಾಳವಾಗಿರಬೇಕು. ಹುಳು ಬಾರದ ಊರಿಗೆ ಬರುತ್ತದೆ ಅಂದರೆ ನಾಲ್ಕು ರಾತ್ರಿ ಟಾರ್ಚ್ ಹಿಡಿದು ಸುತ್ತಿದ್ದು ದಂಡ, ಅಷ್ಟೇ. ಬರುವ ಊರಿಗೆ ಬರಲ್ಲ ಅಂದರೆ ಒಂದು ಮಳೆಗಾಲದ ಮೆಣಸು ಹೋಯಿತು.

ಸಿಂಗಳೀಕದ ಲೆಕ್ಕ ಪೂರ್ತಿ ತಿರುವುಮುರುವು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲೆಲ್ಲೂ ಇಲ್ಲದ ಪ್ರಾಣಿ, ಅಳಿವಿನಂಚಿನದು. ನಿತ್ಯಹರಿದ್ವರ್ಣದ ಕಾಡಿನಲ್ಲಿ ಮರದಿಂದ ಮರಕ್ಕೆ ನೆತ್ತಿಯಲ್ಲೇ ಓಡಾಡುವಂಥದು. ಇದಕ್ಕೆ ಬರೀ ಹವಾಮಾನ ಕೊಟ್ಟು ಮ್ಯಾಕ್ಸೆಂಟ್ ಓಡಿಸಿದೆ. ಬಿಸ್ಲೆಯಿಂದ ನಮ್ಮ ತೋಟದವರೆಗೂ ಕಡುಗೆಂಪು! ನಮ್ಮ ತೋಟದಲ್ಲಿ ಸಿಂಗಳೀಕ ಕಂಡವರು ನಮ್ಮಜ್ಜನ ಕಾಲದಲ್ಲೂ ಇಲ್ಲ. ಮಳೆ ಹೊಂದುತ್ತದೆ, ಮರ ಹೊಂದುವುದಿಲ್ಲ. ಇಂಥ ನಕ್ಷೆ ಹಿಡಿದು "ಇಷ್ಟೊಂದು ಜಾಗ ಇದೆಯಲ್ಲ" ಅಂತ ಯಾರಾದರೂ ಒಂದು ತುಂಡು ಕಾಡು ಕಡಿಯಲು ಹೊರಟರೆ ಆಗುವ ಅನಾಹುತ ನೆನೆದು ಆ ಫೈಲನ್ನು ಯಾರಿಗೂ ಕಳಿಸಲಿಲ್ಲ.

ಬಿಂದುಗಳಲ್ಲೇ ಇನ್ನೊಂದು ಮೋಸ ಅಡಗಿತ್ತು. ಜನ ತಾವು ಕಂಡ ಜೀವಿಗಳ ಫೋಟೋ, ಜಾಗ ಹಾಕುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಅಪಾಯದಲ್ಲಿರುವ ಪ್ರಾಣಿಯ ನಿಖರ ಜಾಗವನ್ನು ಬೇಟೆಗಾರರ ಕಣ್ಣಿಗೆ ಬೀಳದಂತೆ ಮರೆಮಾಡುತ್ತಾರೆ. ಸುಮಾರು ಇಪ್ಪತ್ತು ಕಿಲೋಮೀಟರ್ ಅಗಲದ ಚೌಕದೊಳಗೆ ಬಿಂದು ಎಲ್ಲಾದರೂ ಬೀಳಬಹುದು. ಒಳ್ಳೆಯ ಕೆಲಸವೇ. ಆದರೆ ಅದನ್ನು ನೋಡದೆ ಇಳಿಸಿಕೊಂಡರೆ ಸಿಂಗಳೀಕ ಗದ್ದೆ ಬಯಲಿನಲ್ಲಿ ಕೂತಿರುತ್ತದೆ. ಜಾಗದ ಅನಿಶ್ಚಿತತೆ ಎಷ್ಟು ಮೀಟರ್ ಅಂತ ಒಂದು ಕಾಲಂ ಇರುತ್ತದೆ. ಸಾವಿರ ದಾಟಿದ್ದನ್ನೆಲ್ಲ ತೆಗೆದುಹಾಕಿದೆ. ಉಳಿದದ್ದು ಬೆರಳೆಣಿಕೆ.

ಹಾಗಾಗಿ ಅನುಮತಿ ಪಡೆದಿದ್ದ ಸಂಶೋಧಕ ಗೆಳೆಯರ ಜತೆ ಬಿಸ್ಲೆ ಕಾಡಿಗೆ ಹೋದೆ. ಕಾಲಿಗೆ ಇಂಬಳದ ಸಾಕ್ಸ್, ಒಂದೇ ದಾರಿಯಲ್ಲಿ ನಾಲ್ಕು ನಾಲ್ಕು ಸಲ ನಡಿಗೆ. ಎರಡು ಸಲ ಏನೂ ಕಾಣದ ದಾರಿಯಲ್ಲಿ ಮೂರನೇ ಸಲ, ಮೇಲಿಂದ ಅರ್ಧ ತಿಂದ ಕಾಡುಹಲಸಿನ ತೊಳೆ ನನ್ನ ಹೆಗಲ ಮೇಲೆ ಬಿತ್ತು. ತಲೆಯೆತ್ತಿದರೆ ಬೂದು ಕೇಸರದ ನಡುವೆ ಕಪ್ಪು ಮುಖ. ಕಾಣದಿದ್ದರೆ ಇಲ್ಲ ಅಂತಲ್ಲ, ಇದ್ದೂ ಕಾಣದಿರುವ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕುವ ಆಕ್ಯುಪೆನ್ಸಿ ವಿಧಾನಕ್ಕೆ (2002ರಲ್ಲಿ ಮೆಕೆಂಜಿ ಮತ್ತು ಸಂಗಡಿಗರು ಕೊಟ್ಟದ್ದು) ಹೀಗೆ ಮತ್ತೆ ಮತ್ತೆ ನಡೆದ ದಾಖಲೆಯೇ ಬೇಕು. ಸಿಂಗಳೀಕದ ವಿಷಯದಲ್ಲಿ ನಾನು ಮೊದಲ ನಾಲ್ಕನ್ನೂ ಬಿಟ್ಟು ಇದನ್ನೇ ಹಿಡಿದಿದ್ದೇನೆ. ಖರ್ಚು, ಶ್ರಮ ಜಾಸ್ತಿ. ಬರುವ ನಕ್ಷೆಯೂ ಚಿಕ್ಕದು, ಬಣ್ಣ ಹಚ್ಚುವಾಗ ಕೈ ಬಿಗಿ. ಆದರೆ ಮರಗಳ ನೆತ್ತಿಯ ಸಾಲು ಎಲ್ಲಿ ಕಡಿದುಹೋಗಿದೆ, ಯಾವ ಎರಡು ಕಾಡಿನ ನಡುವೆ ಮರ ಬೆಳೆಸಬೇಕು ಅನ್ನುವುದು ಆ ಚಿಕ್ಕ ನಕ್ಷೆಯಲ್ಲಿ ಮಾತ್ರ ಕಂಡಿತು.

ಇನ್ನು ಗೌಡ್ರ ಪ್ರಶ್ನೆ. ನಕ್ಷೆಯಲ್ಲಿ ಅವರ ಹೋಬಳಿ ಕಿತ್ತಳೆ ಬಣ್ಣ. ಆದರೆ ಹುಳು ತಾನಾಗಿ ನಡೆದು ದೂರ ಹೋಗುವುದಿಲ್ಲ, ಗೊಬ್ಬರದ ಲೋಡಿನಲ್ಲಿ, ನರ್ಸರಿಯ ಗಿಡದ ಚೀಲದಲ್ಲಿ ಬರುತ್ತದೆ. ನಮ್ಮ ತೋಟಕ್ಕೂ ಬಂದದ್ದು ಒಂದು ನರ್ಸರಿಯಿಂದ ತಂದ ಮೆಣಸಿನ ಚೀಲಗಳ ಜತೆಗೇ. ಇದು ಈ ನಾಲ್ಕರಲ್ಲಿ ಯಾವ ಮಾಡೆಲ್‌ಗೂ ಕಾಣುವುದಿಲ್ಲ. ಅದಕ್ಕೇ ಈ ಸಲ ಹೂಮಳೆ ಬಿದ್ದ ಮೇಲೆ, ಗೌಡ್ರು ಗಿಡ ಇಳಿಸಿದ ಜಾಗ ಮತ್ತು ಕೆಳಗಿನ ಹಳ್ಳದ ಬದಿ ನೋಡಿಕೊಂಡು ಹದಿನೆಂಟು ಒದ್ದೆ ಗೋಣಿಚೀಲ ಹಾಸಿದೆವು, ಒಳಗೆ ಪರಂಗಿ ಎಲೆ. ಬೆಳಿಗ್ಗೆ ಗ್ಲೌಸ್ ಹಾಕಿ ಒಂದೊಂದೇ ಎತ್ತಿದೆವು. ಹದಿನಾರು ಖಾಲಿ. ಗಿಡ ಇಳಿಸಿದ ಜಾಗದ ಎರಡು ಚೀಲದಡಿ ಒಟ್ಟು ಒಂಬತ್ತು ಸಿಕ್ಕವು, ಒಂದೂ ಹೆಬ್ಬೆರಳಿಗಿಂತ ದೊಡ್ಡದಿರಲಿಲ್ಲ. ಉಪ್ಪುನೀರಿನ ಬಕೆಟ್‌ಗೆ ಹಾಕಿ, ಗೌಡ್ರು ಅದೇ ಚೀಲ ಮತ್ತೆ ಒದ್ದೆ ಮಾಡಿ ಅಲ್ಲೇ ಹಾಸಿದರು.